ಗುರುತಿಲ್ಲದ ಬಾಣಲೆಯ ವಯಸ್ಸು

ಎರಕದ ಕಬ್ಬಿಣಕ್ಕೆ ಕನ್ನಡದಲ್ಲಿ ‘ಬೀಡು’ ಎಂಬ ಹೆಸರುಂಟು. ಗಡಿಯಾಚೆಯ ಮರಾಠಿ ಮನೆಯಲ್ಲಿಯೂ ಅದೇ ಲೋಹದ ಹಂಚು ‘ಬಿಡಾಚಾ ತವಾ’ ಎನಿಸಿಕೊಳ್ಳುತ್ತದೆ. ಎರಡು ಭಾಷೆಗಳು ಒಂದೇ ಶಬ್ದದಿಂದ ಕರೆಯುವ ಈ ಪಾತ್ರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎಷ್ಟೋ ಮನೆಗಳಲ್ಲಿ ತಲೆಮಾರುಗಳ ರೊಟ್ಟಿ, ಒಗ್ಗರಣೆಗಳನ್ನು ಕಂಡಿದೆ. ಅದರ ವಯಸ್ಸು ಎಷ್ಟೆಂದು ಕೇಳಿದರೆ ಮಾತ್ರ ‘ಅಜ್ಜಿಯ ಕಾಲದ್ದು’ ಎಂಬುದರಾಚೆ ಉತ್ತರವಿಲ್ಲ. ತಳವನ್ನು ತಿರುವಿ ನೋಡಿದರೆ ಮಾಡಿದವನ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಹೆಸರಿಲ್ಲದ್ದಕ್ಕೆ ಬೆಲೆಯಿಲ್ಲವೆಂದು ಅದು ಅಟ್ಟ ಸೇರುತ್ತದೆ. ಅಲ್ಲಿಂದ ಒಂದು ದಿನ ಕಿಲೋ ಲೆಕ್ಕದಲ್ಲಿ ಭಂಗಾರದವನ ಗಾಡಿಗೆ ಇಳಿಯುತ್ತದೆ. ಮರಾಠಿಯ ಭಂಗಾರಕ್ಕೂ ಕನ್ನಡದ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಯಾವುದು ಯಾವುದೆಂದು ತಿಳಿಯಲು ವಸ್ತುವನ್ನು ಓದುವ ಕಣ್ಣು ಬೇಕು.

ಆ ಕಣ್ಣು ಹೇಗೆ ಪಳಗುತ್ತದೆಂಬುದಕ್ಕೆ ಅಮೆರಿಕದ ಹಳೆಯ ಬೀಡಿನ ಬಾಣಲೆಗಳ ಅಧ್ಯಯನ ಒಂದು ಒಳ್ಳೆಯ ನಿದರ್ಶನ. ಅಲ್ಲಿ ಸ್ಕಿಲೆಟ್ ಎಂದು ಕರೆಯುವ ಹಿಡಿಯುಳ್ಳ ಬಾಣಲೆಗಳು ಹಳೆಯ ಸಾಮಾನಿನ ಸಂತೆಗಳಲ್ಲಿ ರಾಶಿಯಾಗಿ ದೊರೆಯುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಯಾವ ಮುದ್ರೆಯೂ ಇಲ್ಲ. ಆದರೂ ಅವುಗಳ ಕಾಲವನ್ನು ಹೇಳುವ ಒಂದು ಕ್ರಮವನ್ನು ಅಲ್ಲಿಯ ಸಂಗ್ರಾಹಕರು ದಶಕಗಳ ಹೋಲಿಕೆಯಿಂದ ಕಟ್ಟಿಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ವೃತ್ತಿಯಿಂದ ಪಂಡಿತರಲ್ಲ. ಅವರ ಕ್ರಮದಿಂದ ಕಲಿಯಬೇಕಾದದ್ದು ಎರಡು ಮಾತು: ಹೆಸರಿಲ್ಲದ ವಸ್ತು ಮೂಕವಲ್ಲ, ಅದನ್ನು ಮಾಡಿದ ರೀತಿಯೇ ಅದರ ಸಾಕ್ಷಿ, ಆ ಸಾಕ್ಷಿ ಹೇಳುವಷ್ಟನ್ನು ಮಾತ್ರ ಹೇಳಿ ನಿಲ್ಲುವುದು ಓದುವವನ ಧರ್ಮ. ಮೊದಲನೆಯದನ್ನು ಮರೆತರೆ ವಸ್ತು ಗುಜರಿಗೆ ಹೋಗುತ್ತದೆ. ಎರಡನೆಯದನ್ನು ಮರೆತರೆ ಅದಕ್ಕೆ ಸುಳ್ಳು ಹೆಸರು ಅಂಟುತ್ತದೆ. ಎರಡೂ ಒಂದೇ ಬಗೆಯ ನಾಶ.

ಮುದ್ರೆಯಿಲ್ಲದ ಪಾತ್ರೆಗಳೆಲ್ಲ ಕೀಳು ಕೆಲಸದವು ಎಂಬ ಭಾವನೆಯನ್ನು ಮೊದಲು ಬಿಡಬೇಕು. ಅಮೆರಿಕದಲ್ಲಿ ಬೀಡಿನ ಪಾತ್ರೆಗೆ ಹೆಸರಾದ ಮನೆಗಳು ಕೆಲವು: ಪೆನ್ಸಿಲ್ವೇನಿಯದ ಈರಿ ಪಟ್ಟಣದ ಗ್ರಿಸ್ವೋಲ್ಡ್, 1891ರಲ್ಲಿ ಒಹಾಯೊದ ಸಿಡ್ನಿಯಲ್ಲಿ ಆರಂಭವಾದ ವ್ಯಾಗ್ನರ್, ಟೆನೆಸಿಯ ಸೌತ್ ಪಿಟ್ಸ್‌ಬರ್ಗಿನಲ್ಲಿ 1896ರಲ್ಲಿ ಹುಟ್ಟಿ ಇಂದಿಗೂ ನಡೆಯುತ್ತಿರುವ ಲಾಡ್ಜ್. ಈ ಮನೆಗಳೇ ತಮ್ಮ ಹೆಸರು ಹಾಕದ ಪಾತ್ರೆಗಳನ್ನೂ ಹೊಯ್ದು ಅಂಗಡಿಗಳಿಗೆ ಕೊಟ್ಟಿವೆ. ಅವಲ್ಲದೆ ಊರೂರಿನ ಸಣ್ಣ ಎರಕದ ಸಾಲೆಗಳು ಒಲೆ, ನೇಗಿಲುಗಳ ಜೊತೆಗೆ ಬಾಣಲೆಗಳನ್ನೂ ಹೊಯ್ಯುತ್ತಿದ್ದವು. ಸುತ್ತಲಿನ ಹತ್ತು ಹಳ್ಳಿಗೆ ಪರಿಚಿತನಾದವನಿಗೆ ಹೆಸರು ಕೆತ್ತುವ ಅಗತ್ಯವೇನಿತ್ತು? ನಮ್ಮ ಕಮ್ಮಾರನೂ ಕುಡುಗೋಲಿನ ಮೇಲೆ ಹೆಸರು ಹಾಕಿದವನಲ್ಲ.

ಹೆಸರಿಲ್ಲದಿದ್ದರೂ ಉಳಿಯುವುದು ಎರಕದ ಕುರುಹು. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಗಡಿಗೆಗಳನ್ನು ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಪೇಟೆಂಟ್ ಪಡೆದನು. ಅದರ ಮೂಲಸೂತ್ರ ಇಂದಿಗೂ ಬದಲಾಗಿಲ್ಲ. ಬೇಕಾದ ಆಕಾರದ ಒಂದು ಮಾದರಿಯನ್ನು ಎರಡು ಚೌಕಟ್ಟುಗಳ ನಡುವೆ ಇಟ್ಟು ಹಸಿ ಮರಳನ್ನು ಗಟ್ಟಿಯಾಗಿ ತುಂಬುತ್ತಾರೆ. ಮಾದರಿಯನ್ನು ಹೊರತೆಗೆದರೆ ಅದರ ಆಕಾರದ ಪೊಳ್ಳು ಉಳಿಯುತ್ತದೆ. ಅದಕ್ಕೆ ಕರಗಿದ ಕಬ್ಬಿಣವನ್ನು ಸುರಿಯುತ್ತಾರೆ. ಲೋಹ ಆರಿದ ಮೇಲೆ ಮರಳನ್ನು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ಪಾತ್ರೆ. ಲೋಹ ಒಳಗೆ ಹರಿದ ದಾರಿಯಲ್ಲಿಯೂ ಕಬ್ಬಿಣ ಗಟ್ಟಿಯಾಗಿರುತ್ತದೆ. ಅದನ್ನು ಮುರಿದು ಉಜ್ಜಿದರೂ ಒಂದು ಗಾಯದ ಕಲೆ ಉಳಿಯುತ್ತದೆ. ಕಾಲನಿರ್ಣಯ ಆರಂಭವಾಗುವುದು ಈ ಕಲೆಯಿಂದ.

ಆ ಕಲೆ ತಳದ ನಟ್ಟನಡುವೆ ಉದ್ದನೆಯ ಗೆರೆಯಾಗಿ ಉಬ್ಬಿದ್ದರೆ, ಲೋಹವನ್ನು ತಳದ ಕಡೆಯಿಂದ ಸುರಿದಿದ್ದಾರೆಂದು ಅರ್ಥ. ಅಮೆರಿಕದ ಬಾಣಲೆಗಳಲ್ಲಿ ಇದು ಸಾಮಾನ್ಯವಾಗಿ 19ನೆಯ ಶತಮಾನದ ಲಕ್ಷಣ. ಗೆರೆಯ ಬದಲು ದುಂಡನೆಯ ಕಲೆಯಿದ್ದರೆ ಇನ್ನೂ ಹಿಂದಿನದಿರಬಹುದು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಲೋಹವನ್ನು ಅಂಚಿನ ಪಕ್ಕದಿಂದ ಹರಿಸತೊಡಗಿದವು. ತಳ ನುಣುಪಾಯಿತು, ಕಲೆ ಅಂಚಿಗೆ ಸರಿಯಿತು. ಅಂಚಿನಲ್ಲಿ ಉಜ್ಜಿದ ಎರಡು ಚಿಕ್ಕ ಜಾಗಗಳನ್ನು ಬೆರಳು ಸವರಿ ಗುರುತಿಸಬಹುದು. ಆದರೆ ತಳದ ಗೆರೆಯೊಂದನ್ನೇ ನೋಡಿ ‘ನೂರೈವತ್ತು ವರ್ಷ’ ಎಂದು ತೀರ್ಪು ಕೊಡುವುದು ತಪ್ಪು. ಸಣ್ಣ ಸಾಲೆಗಳು ಹಳೆಯ ವಿಧಾನವನ್ನು ಬೇಗ ಬಿಡಲಿಲ್ಲ. ಹೊಸದು ಬಂದ ದಿನವೇ ಹಳೆಯದು ಎಲ್ಲೆಡೆ ಸಾಯುವುದಿಲ್ಲ.

ಎರಡನೆಯ ಸಾಕ್ಷಿ ತಳದ ಉಂಗುರ. ಕಟ್ಟಿಗೆ, ಕಲ್ಲಿದ್ದಲು ಉರಿಸುವ ಅಮೆರಿಕದ ಕಬ್ಬಿಣದ ಒಲೆಯ ಮೇಲ್ಭಾಗದಲ್ಲಿ ದುಂಡನೆಯ ಬಾಯಿಗಳಿರುತ್ತಿದ್ದವು. ಬಾಣಲೆ ಆ ಬಾಯಿಯ ಮೇಲೆ ಸರಿಯಾಗಿ ಕೂಡಲೆಂದು ತಳದಂಚಿಗೆ ಒಂದು ಏಣನ್ನು ಹೊಯ್ಯುತ್ತಿದ್ದರು. ಹಿಡಿಯ ಮೇಲೆ ಕಾಣುವ 8 ಎಂಬಂಥ ಅಂಕಿಯೂ ಒಲೆಯ ಬಾಯಿಯ ಅಳತೆಗೆ ಸಂಬಂಧಿಸಿದ್ದು, ಅದು ಇಂಚಲ್ಲ. 8ನೆಯ ಸಂಖ್ಯೆಯ ಬಾಣಲೆಯ ಬಾಯಗಲ ಸುಮಾರು 10.5 ಇಂಚು. ಅನಿಲದ, ವಿದ್ಯುತ್ತಿನ ಒಲೆಗಳು ಬಂದಂತೆ ಉಂಗುರದ ಕೆಲಸ ಮುಗಿಯಿತು, ತಳ ಸಮತಟ್ಟಾಯಿತು. ಹೀಗೆ ಪಾತ್ರೆಯ ತಳ ಅದು ಕುಳಿತ ಒಲೆಯ ಇತಿಹಾಸವನ್ನು ಹೇಳುತ್ತದೆ. ಅಡ್ಡಿಯೂ ಇಲ್ಲದಿಲ್ಲ: ಲಾಡ್ಜ್ ಮನೆ ಕಟ್ಟಿಗೆಯ ಒಲೆಯ ಕಾಲ ಮುಗಿದ ಮೇಲೂ ಬಹುಕಾಲ ಉಂಗುರವನ್ನು ಉಳಿಸಿಕೊಂಡಿತು, ಆದರೆ ಅದಕ್ಕೆ ಮೂರು ಕಡೆ ಕಡಿತ ಬಿಟ್ಟಿತು. ಹೆಸರಿಲ್ಲದ ಬಾಣಲೆಯಲ್ಲಿ ಈ ಮೂರು ಕಡಿತಗಳು ಕಂಡರೆ ಸಂಗ್ರಾಹಕರ ಮನಸ್ಸು ಮೊದಲು ಲಾಡ್ಜ್ ಕಡೆಗೆ ಹೋಗುತ್ತದೆ; ಹಿಡಿಯ ಆಕಾರ, ಅಂಕಿಯ ಬರವಣಿಗೆ ಒಪ್ಪಿದಾಗಲಷ್ಟೇ ಅಲ್ಲಿ ನಿಲ್ಲುತ್ತದೆ.

ಮೂರನೆಯದು ಮೈಯ ನುಣುಪು ಮತ್ತು ತೂಕ. 20ನೆಯ ಶತಮಾನದ ಮೊದಲ ಭಾಗದ ಒಳ್ಳೆಯ ಬಾಣಲೆ ತೆಳುವು, ಕೈಗೆ ಹಗುರ. ಒಳಮೈಯನ್ನು ಯಂತ್ರದಲ್ಲಿ ಉಜ್ಜಿ ನುಣುಪುಗೊಳಿಸುತ್ತಿದ್ದರು. ಓರೆ ಬೆಳಕಿನಲ್ಲಿ ಹಿಡಿದರೆ ಆ ಉಜ್ಜುವಿಕೆಯ ಸೂಕ್ಷ್ಮ ವೃತ್ತಗಳು ಕಾಣುವುದೂ ಉಂಟು. ಶತಮಾನದ ಉತ್ತರಾರ್ಧದಲ್ಲಿ ಯಂತ್ರದ ಎರಕ ಹೆಚ್ಚಿತು, ಉಜ್ಜುವ ಖರ್ಚನ್ನು ಬಿಟ್ಟರು. ಮರಳಿನ ಒರಟು ಹಾಗೆಯೇ ಉಳಿಯಿತು, ಗೋಡೆ ದಪ್ಪವಾಯಿತು. ‘ಮೇಡ್ ಇನ್ ಯುಎಸ್ಎ’ ಎಂಬ ಬರಹವನ್ನು ಸಾಮಾನ್ಯವಾಗಿ 1960ರ ದಶಕದಿಂದೀಚಿನ ಗುರುತೆಂದು ಎಣಿಸುತ್ತಾರೆ. ಕಾರ್ಖಾನೆಯಲ್ಲಿಯೇ ಎಣ್ಣೆ ಹಚ್ಚಿ ಪಳಗಿಸಿ ಮಾರುವ ಪದ್ಧತಿಯನ್ನು ಲಾಡ್ಜ್ ತಂದದ್ದು 2002ರಲ್ಲಿ. ಇವುಗಳೊಂದಿಗೆ ಹಿಡಿಯ ಕೊನೆಯ ತೂತಿನ ಆಕಾರ, ಎಣ್ಣೆ ಬಸಿಯುವ ತುಟಿಯ ರೂಪ, ಅಂಕಿಗಳ ಬರವಣಿಗೆಯ ಶೈಲಿ, ಅಚ್ಚುಗಾರನದೋ ಮಾದರಿಯದೋ ಆದ ಒಂಟಿ ಅಕ್ಷರ, ಇವೆಲ್ಲ ಸೇರಿ ಒಂದು ಸಾಕ್ಷಿಮಾಲೆಯಾಗುತ್ತವೆ.

ಈ ಮಾಲೆಯನ್ನು ಓದುವ ನಿಯಮ ಸರಳ. ಪಾತ್ರೆಯ ಮೇಲಿನ ಲಕ್ಷಣಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದಕ್ಕಿಂತ ಪಾತ್ರೆ ಹಳೆಯದಾಗಲಾರದು. ಹತ್ತು ಲಕ್ಷಣಗಳು ಹಳೆಯವಾಗಿದ್ದು ಒಂದು ಹೊಸದಾಗಿದ್ದರೆ ತೀರ್ಪು ಕೊಡುವುದು ಆ ಒಂದು. ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಇದು ಪರಿಚಿತ. ಕೃತಿಯೊಂದರಲ್ಲಿ ಈಚಿನ ಕಾಲದ ವ್ಯಕ್ತಿಯ ಹೆಸರು ಬಂದರೆ, ಒಂದೋ ಕೃತಿ ಆ ವ್ಯಕ್ತಿಗಿಂತ ಈಚಿನದು, ಇಲ್ಲವೇ ಆ ಭಾಗ ಪ್ರಕ್ಷೇಪ. ಬಾಣಲೆಯಲ್ಲಿಯೂ ಪ್ರಕ್ಷೇಪವುಂಟು, ಯಾರೋ ಮುಂದೆ ಉಜ್ಜಿದ್ದು, ತೂತು ಕೊರೆದದ್ದು, ಬೆಸುಗೆ ಹಾಕಿದ್ದು. ಎರಕದೊಂದಿಗೆ ಹುಟ್ಟಿದ್ದನ್ನು ಆಮೇಲೆ ಸೇರಿದ್ದರಿಂದ ಬೇರ್ಪಡಿಸದೆ ಕಾಲ ಹೇಳುವಂತಿಲ್ಲ.

ಪ್ರತಿಗಳ ವಿಷಯವೂ ಹಾಗೆಯೇ. ಕೆಲವು ಬಾಣಲೆಗಳ ತಳದಲ್ಲಿ ಒಂದು ಮನೆಯ ಮುದ್ರೆಯ ಕೆಳಗೆ ಇನ್ನೊಂದು ಮನೆಯ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಸಂಗ್ರಾಹಕರು ಇವನ್ನು ‘ದೆವ್ವದ ಗುರುತು’ ಎನ್ನುತ್ತಾರೆ. 1903ರಿಂದ 1926ರವರೆಗೆ ಒಹಾಯೊದಲ್ಲಿ ನಡೆದ ವಾಪಾಕ್ ಎಂಬ ಮನೆಯ ಕೆಲವು ಪಾತ್ರೆಗಳಲ್ಲಿ ‘ಈರಿ’ ಎಂಬ ಮಾತಿನ ನೆರಳು ಉಳಿದಿರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಇನ್ನೊಬ್ಬರ ಪಾತ್ರೆಯಿಂದ ಮಾದರಿ ಮಾಡಿಕೊಂಡಾಗ ಹಳೆಯ ಅಕ್ಷರವನ್ನು ಪೂರ್ತಿ ಮುಚ್ಚದೆ ಹೋದರೆ ಹೀಗಾಗುತ್ತದೆ. ಇಂಥ ಎರಕಕ್ಕೆ ಮತ್ತೊಂದು ಪರೀಕ್ಷೆಯೂ ಇದೆ. ಎರಕದ ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅನುಭವಿ ಮಾದರಿಗಾರ ಈ ಕುಗ್ಗುವಿಕೆಯನ್ನು ಲೆಕ್ಕ ಹಿಡಿದು ಮಾದರಿಯನ್ನು ತುಸು ದೊಡ್ಡದಾಗಿಯೇ ಮಾಡುತ್ತಾನೆ. ಸಿದ್ಧ ಬಾಣಲೆಯನ್ನೇ ಮಾದರಿಯಾಗಿಟ್ಟು ಹೊಯ್ದರೆ, 10.5 ಇಂಚಿನದು ಸುಮಾರು 2.5 ಮಿಲಿಮೀಟರ್ ಚಿಕ್ಕದಾಗಿ ಹೊರಬರುತ್ತದೆ. ಅಕ್ಷರಗಳ ಅಂಚು ಮೊಂಡಾಗುತ್ತದೆ, ಮೈ ಒರಟಾಗುತ್ತದೆ. ಓಲೆಗರಿಯ ಪ್ರತಿಯಿಂದ ಪ್ರತಿ ಮಾಡುತ್ತ ಹೋದಂತೆ ಪಾಠ ಸವೆಯುವ ಹಾಗೆ ಇಲ್ಲಿ ಅಳತೆಯೇ ಸವೆಯುತ್ತದೆ. ಹಳೆಯ ಹೆಸರನ್ನು ಹೊತ್ತು ಬರುವ ನಕಲಿಗಳನ್ನು ಹಿಡಿಯಲು ಅಳತೆಪಟ್ಟಿಯೊಂದು ಹಲವು ಸಲ ಸಾಕಾಗುತ್ತದೆ.

ಹೆಸರಿಗಾಗಿ ಜನ ಇಷ್ಟು ಹಂಬಲಿಸುವುದರಲ್ಲಿಯೇ ಅಪಾಯವಿದೆ. ಪ್ರಸಿದ್ಧ ಮನೆಯ ಮುದ್ರೆಯಿದ್ದರೆ ಬೆಲೆ ಏರುತ್ತದೆ. ಮುದ್ರೆಯಿಲ್ಲದ ಬಾಣಲೆಯನ್ನು ಮಾರುವವನಿಗೆ ಯಾವುದಾದರೂ ಹೆಸರನ್ನೂ ಇಸವಿಯನ್ನೂ ಅಂಟಿಸುವ ಆಸೆ ಹುಟ್ಟುತ್ತದೆ. ‘ಇಂಥ ಮನೆಯದು, 1880ರದು’ ಎಂದು ಅವನು ಹೇಳುವ ಧೈರ್ಯಕ್ಕೆ ಆಧಾರ ತಳದ ಒಂದು ಗೆರೆ ಮಾತ್ರ. ಆದರೆ ಮುದ್ರೆಯೇ ಇದ್ದರೂ ಅದು ಪೂರ್ಣ ಸತ್ಯವಲ್ಲ. ಈರಿಯ ಗ್ರಿಸ್ವೋಲ್ಡ್ ಕಾರ್ಖಾನೆ 1957ರಲ್ಲಿ ಮುಚ್ಚಿತು. ಆ ಹೆಸರು ಮಾತ್ರ ಕೈ ಬದಲಿಸಿ, ಬೇರೆ ಊರಿನಲ್ಲಿ ಹೊಯ್ದ ಪಾತ್ರೆಗಳ ಮೇಲೆ ಮುಂದುವರಿಯಿತು. ಹೆಸರು ವ್ಯಾಪಾರದ ಸ್ವತ್ತು, ಅದನ್ನು ಕೊಳ್ಳಬಹುದು, ಮಾರಬಹುದು. ಲೋಹ ಹರಿದ ದಾರಿಯ ಕಲೆಯನ್ನು ಹಾಗೆ ಕೊಂಡು ತಂದು ಇನ್ನೊಂದು ಪಾತ್ರೆಗೆ ಅಂಟಿಸಲಾಗದು. ಆದ್ದರಿಂದ ಹೆಸರಿಲ್ಲದ ಬಾಣಲೆಯ ಬಗ್ಗೆ ‘ಸುಮಾರು 1890ರಿಂದ 1920ರ ನಡುವೆ, ಮಾಡಿದವರು ತಿಳಿಯದು’ ಎಂದು ಬರೆದ ಚೀಟಿ, ಮೆರುಗಿನ ಹೆಸರು ಹೊತ್ತ ಚೀಟಿಗಿಂತ ಹೆಚ್ಚು ಗೌರವಕ್ಕೆ ಅರ್ಹ.

ಸಾಕ್ಷಿಗೆ ಸುಳ್ಳಿಗಿಂತ ದೊಡ್ಡ ಶತ್ರು ಅವಸರದ ಶುಚಿ. ತುಕ್ಕು, ಕರಿ ಹಿಡಿದ ಬಾಣಲೆಯನ್ನು ಬೆಂಕಿಗೆ ಎಸೆದು ಕೆಂಪಗೆ ಕಾಯಿಸುವವರಿದ್ದಾರೆ. ಅದರಿಂದ ಲೋಹ ಸೊಟ್ಟಗಾಗಬಹುದು, ಮೈಗೆ ಕೆಂಪು ಛಾಯೆ ಕೂಡಬಹುದು; ಆಮೇಲೆ ಅದರಲ್ಲಿ ಎಣ್ಣೆಯ ಪದರು ಸರಿಯಾಗಿ ನಿಲ್ಲುವುದಿಲ್ಲ. ಗ್ರೈಂಡರ್ ಹಿಡಿದು ಉಜ್ಜುವವರು ಗೇಟಿನ ಗೆರೆ, ಒಂಟಿ ಅಕ್ಷರ, ಮಸುಕಾದ ಮುದ್ರೆಗಳನ್ನು ಐದು ನಿಮಿಷದಲ್ಲಿ ಅಳಿಸಿಬಿಡುತ್ತಾರೆ. ಬಲ್ಲವರ ದಾರಿ ನಿಧಾನದ್ದು. ಕೈಗವಸು ಕನ್ನಡಕಗಳ ರಕ್ಷಣೆಯಲ್ಲಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಯಿಟ್ಟು ಹಳೆಯ ಜಿಡ್ಡು ಬಿಡಿಸುವುದು; ತುಕ್ಕಿಗೆ ವಾಷಿಂಗ್ ಸೋಡಾದ ದ್ರಾವಣದಲ್ಲಿ ವಿದ್ಯುತ್ ಹಾಯಿಸುವುದು; ತೊಳೆದು ಒಣಗಿಸಿ ತೆಳ್ಳಗೆ ಎಣ್ಣೆ ಸವರಿ ಕಾಯಿಸಿ ಮತ್ತೆ ಪಳಗಿಸುವುದು. ಇದರಲ್ಲಿ ಲೋಹದ ಒಂದು ರೇಖೆಯೂ ಕಳೆಯುವುದಿಲ್ಲ. ಹಳೆಯ ಶಿಲಾಶಾಸನಕ್ಕೆ ಸುಣ್ಣ ಬಳಿದವರನ್ನೂ ಅಕ್ಷರ ಕಾಣಲೆಂದು ಉಳಿಯಿಂದ ಕೆತ್ತಿದವರನ್ನೂ ಬಲ್ಲವರಿಗೆ ಈ ಎಚ್ಚರದ ಬೆಲೆ ಗೊತ್ತು.

‘ರೊಟ್ಟಿ ಬೆಂದರೆ ಸಾಕು, ಹಂಚಿನ ಜಾತಕ ಏಕೆ?’ ಎಂದು ಕೇಳುವವರಿರಬಹುದು. ಪ್ರಶ್ನೆ ನ್ಯಾಯವಾದದ್ದೇ, ಅಡುಗೆಯ ಪಾತ್ರೆಯ ಮೊದಲ ಧರ್ಮ ಅಡುಗೆ. ಆದರೆ ಅಡುಗೆಗೂ ಚರಿತ್ರೆ ಬೇಕಾಗುವ ಒಂದು ಸಂದರ್ಭವಿದೆ. ಅಮೆರಿಕದಲ್ಲಿ ಹಳೆಯ ಬಾಣಲೆಗಳನ್ನು ಗುಂಡು ಎರೆಯಲೆಂದೋ ಮೀನಿನ ಗಾಳದ ಭಾರ ಮಾಡಲೆಂದೋ ಸೀಸ ಕರಗಿಸಲು ಬಳಸಿದ್ದುಂಟು. ಸೀಸ ವಿಷ, ಮಕ್ಕಳಿಗಂತೂ ಅತ್ಯಂತ ಅಪಾಯಕಾರಿ. ಎಲ್ಲಿಂದ ಬಂತೆಂದು ತಿಳಿಯದ ಪಾತ್ರೆಯನ್ನು ಸೀಸದ ಪರೀಕ್ಷೆ ಮಾಡದೆ ಒಲೆಗೆ ಏರಿಸಬಾರದೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ವಸ್ತು ಯಾರ ಕೈಯಲ್ಲಿ ಏನಾಗಿತ್ತು ಎಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಕನ್ನಡ ವಿಭಾಗಕ್ಕೂ ಇದಕ್ಕೂ ಏನು ನಂಟು? ಕನ್ನಡದ ಆರಂಭದ ಚರಿತ್ರೆಯೇ ಇಂಥ ಓದಿನ ಮೇಲೆ ನಿಂತಿದೆ. ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಅಕ್ಷರಗಳ ರೂಪ, ಭಾಷೆ, ಅಲ್ಲಿ ಬರುವ ಹೆಸರುಗಳನ್ನು ತೂಗಿ ನೋಡಿ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 450ರದೆಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೂ ತೇದಿಯಿಲ್ಲ. ಲಿಪಿಯನ್ನು ನೋಡಿ ಸುಮಾರು 700 ಎನ್ನುತ್ತಾರೆ. ಇದಕ್ಕೆ ಎದುರಾಗಿ, ಸೊಲ್ಲಾಪುರದ ಸಮೀಪದ ಹತ್ತರಸಂಗ ಕೂಡಲದ ಮರಾಠಿ ಶಾಸನ ತಾನೇ ಶಕ 940 ಎಂದು ಹೇಳಿಕೊಳ್ಳುತ್ತದೆ, ಅದು ಕ್ರಿ.ಶ. 1018. ತೇದಿ ಹೇಳುವ ಕಲ್ಲುಗಳು ಅಳತೆಗೋಲಾಗುತ್ತವೆ, ತೇದಿ ಹೇಳದ ಕಲ್ಲುಗಳನ್ನು ಅವುಗಳ ಪಕ್ಕದಲ್ಲಿಟ್ಟು ಓದುತ್ತಾರೆ. ಮುದ್ರೆಯುಳ್ಳ ಬಾಣಲೆಗಳೂ ಮುದ್ರೆಯಿಲ್ಲದವುಗಳಿಗೆ ಹೀಗೆಯೇ ಅಳತೆಗೋಲು. ಎರಡೂ ಕಡೆ ‘ಸುಮಾರು’ ಎಂಬ ಶಬ್ದ ಅಜ್ಞಾನದ ಸೂಚನೆಯಲ್ಲ, ಓದಿನ ಪ್ರಾಮಾಣಿಕತೆ.

ಹಾಗೆಂದು ಅಮೆರಿಕದ ಪಟ್ಟಿಯನ್ನು ತಂದು ನಮ್ಮ ಮನೆಯ ಬೀಡಿಗೆ ಹೊದಿಸಲಾಗದು. ಮೂರು ಗುಂಡಿನ ಒಲೆಯ ಮೇಲೆ ಕುಳಿತ ಹಂಚಿಗೆ ಅಲ್ಲಿಯ ಉಂಗುರದ ಲೆಕ್ಕ ಸಲ್ಲದು. ನಮ್ಮ ಎರಕದ ಸಾಲೆಗಳು ಪದ್ಧತಿ ಬದಲಿಸಿದ ಕಾಲವೂ ಅಲ್ಲಿಯದಾಗಿರಬೇಕಿಲ್ಲ. ತರಬೇಕಾದದ್ದು ಕ್ರಮವನ್ನು, ಇಸವಿಗಳನ್ನಲ್ಲ. ಮೊದಲು ಎರಕದ್ದೋ ಬಡಿದದ್ದೋ ನೋಡಬೇಕು: ಕಮ್ಮಾರ ಬಡಿದ ಹಂಚಿನಲ್ಲಿ ಸುತ್ತಿಗೆಯ ಪೆಟ್ಟುಗಳಿರುತ್ತವೆ, ಲೋಹ ಸುರಿದ ಕಲೆ ಇರುವುದಿಲ್ಲ. ಆಮೇಲೆ ತೂಕ, ಬಾಯಗಲ, ಗೋಡೆಯ ದಪ್ಪ. ತಳದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಪಡಿಯಚ್ಚು. ಓರೆ ಬೆಳಕಿನ ಒಂದು ಛಾಯಾಚಿತ್ರ.

ಕೊನೆಗೆ ಮನೆಯ ಹಿರಿಯರ ಮಾತು. ಗಡಿಭಾಗದ ನೆನಪು ಇಸವಿಯಲ್ಲಿ ಎಣಿಸುವುದಿಲ್ಲ. ‘ರಜಾಕಾರರ ಗದ್ದಲಕ್ಕಿಂತ ಮುಂಚೆ’ ಎಂದರೆ 1948ಕ್ಕೆ ಹಿಂದೆ. ‘ದೊಡ್ಡ ಬರಗಾಲದಾಗ’ ಎಂದರೆ 1972ರ ಸುಮಾರು. ‘ಕಿಲ್ಲಾರಿ ಭೂಕಂಪದ ವರ್ಷ’ ಎಂದರೆ 1993. ಹಂಚನ್ನು ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡದ್ದೋ, ಮದುವೆಯ ಬಳುವಳಿಯಾಗಿ ಬಂದದ್ದೋ, ಅದನ್ನು ಮನೆಯಲ್ಲಿ ಹಂಚು ಎನ್ನುತ್ತಾರೋ ತವಾ ಎನ್ನುತ್ತಾರೋ, ಸೊಸೆ ಬೇರೆ ಭಾಷೆಯ ಮನೆಯಿಂದ ಬಂದ ಮೇಲೆ ಹೆಸರು ಬದಲಾಯಿತೋ, ಇದನ್ನೆಲ್ಲ ಹೇಳಬಲ್ಲವರು ಬಹುತೇಕ ಎಂಬತ್ತರ ಆಚೆಗಿದ್ದಾರೆ. ಕಬ್ಬಿಣ ಇನ್ನೂ ನೂರು ವರ್ಷ ಬಾಳೀತು. ಆ ಮಾತು ಬಾಳುವುದಿಲ್ಲ. ಲಿಪಿಶಾಸ್ತ್ರದ ಪತ್ರಿಕೆಗೆ ಪರೀಕ್ಷೆ ಬರೆಯುವ ವಿದ್ಯಾರ್ಥಿ ದೀಪಾವಳಿಯ ರಜೆಯಲ್ಲಿ ತನ್ನ ಮನೆಯ ಅಟ್ಟದಿಂದ ಒಂದು ಬೀಡಿನ ಪಾತ್ರೆ ಇಳಿಸಿ, ಒಂದು ಪುಟದ ವಿವರ ಬರೆದು ತಂದರೆ, ಅದು ಪಠ್ಯದ ಹೊರಗಿನ ಕೆಲಸವೆನಿಸದು. ನೂರು ಪುಟಗಳು ಕೂಡಿದಾಗ ಈ ಭಾಗದ ಬೀಡಿಗೆ ತನ್ನದೇ ಒಂದು ಕಾಲಪಟ್ಟಿ ಹುಟ್ಟಬಹುದು.

ಆ ಪುಟದ ಕೊನೆಯ ಸಾಲಿನಲ್ಲಿ ಮಾಡಿದವರ ಹೆಸರಿನ ಜಾಗ ಖಾಲಿಯಿದ್ದರೆ ಖಾಲಿಯೇ ಇರಲಿ. ಬಿಸಿ ಮರಳಿನ ಮುಂದೆ ನಿಂತು ಅಚ್ಚು ತುಂಬಿದವನ ಹೆಸರು ಈರಿಯಲ್ಲಿಯೂ ಉಳಿಯಲಿಲ್ಲ, ಇಲ್ಲಿಯೂ ಉಳಿಯಲಿಲ್ಲ. ಅವನಿಗೆ ಇಲ್ಲದ ಹೆಸರನ್ನು ಕೊಡುವುದಕ್ಕಿಂತ, ಅವನ ಕೈಕೆಲಸವನ್ನು ಸರಿಯಾಗಿ ಓದಿ ‘ಸುಮಾರು’ ಎಂದು ಬರೆಯುವುದು ಹೆಚ್ಚಿನ ಮರ್ಯಾದೆ. ಭಂಗಾರದವನ ಗಾಡಿ ಬಾಗಿಲಿಗೆ ಬರುವ ಮೊದಲು ಅಷ್ಟು ಕೆಲಸ ನಡೆಯಬೇಕು.